ಬೀಗರಿಗೆ ಬಳ್ಳಾರಿ ಉಣಿಸಿದ ದಿನ

ಸೀತನಿ ಸುಡುವ ವಾಸನೆ ಬಂದರೆ ನನಗೆ ಇವತ್ತಿಗೂ ಒಂದು ಕಂದು ಶಾಲು ನೆನಪಾಗುತ್ತದೆ. ಮೊನ್ನೆ ಮೋಕದಿಂದ ಚಕ್ಕಡಿಯಲ್ಲಿ ಬರುವಾಗ ದಾರಿ ಬದಿಯ ಎರೆಹೊಲದಲ್ಲಿ ಯಾರೋ ಕುಳ್ಳಿನ, ಅಂದರೆ ಬೆರಣಿಯ, ಬೆಂಕಿ ಹಚ್ಚಿ ಎಳೆ ಜೋಳದ ತೆನೆ ಸುಡುತ್ತಿದ್ದರು. ಹೊಗೆ ದಾರಿಗೆ ಅಡ್ಡ ಬಂತು. ಹೊಲದವನು ಗುರುತಿನವನಲ್ಲ, ಆದರೂ ಕೈಬೀಸಿ ಕರೆದ. "ಬರ್ರಿ ಯಜಮಾನ್ರ, ನಾಕು ಕಾಳು ಬಾಯಾಗ ಹಾಕ್ಕೊಂಡು ಹೋಗ್ರಿ" ಅಂದ. ಗುರುತಿಲ್ಲದವನು ಪುಕ್ಕಟೆ ಯಾಕೆ ಕರೆಯುತ್ತಾನೆ ಎಂದು ನನಗೆ ಮೊದಲು ಅನುಮಾನ ಬಂತು. ಅದು ನನ್ನ ಸ್ವಭಾವ, ಈ ವಯಸ್ಸಿನಲ್ಲಿ ಬದಲಾಗುವುದಿಲ್ಲ. ಇಳಿದು ಹೋಗಿ, ಬೊಗಸೆ ತುಂಬ ಬಿಸಿ ಕಾಳು ಇಸಿದುಕೊಂಡು, ಗುರೆಳ್ಳು ಪುಡಿ ಹಚ್ಚಿ ತಿಂದೆ. ಅವನು ಏನನ್ನೂ ಕೇಳಲಿಲ್ಲ. ಆದರೂ ಚಕ್ಕಡಿ ಹತ್ತುವಾಗ ಒಮ್ಮೆ ತಿರುಗಿ ನೋಡಿಯೇ ಬಂದೆ.

ಆ ಶಾಲಿನ ವರ್ಷ ನಾನು ಬಳ್ಳಾರಿ ಪೇಟೆಯಲ್ಲಿ ಅರಳೆ ದಲಾಲಿ ಮಾಡುತ್ತಿದ್ದೆ. ದೊಡ್ಡ ಬರ ಮುಗಿದು ಬಹಳ ವರ್ಷಗಳಾಗಿದ್ದವು. ಊರು ಮತ್ತೆ ಹೊಟ್ಟೆ ತುಂಬ ಉಣ್ಣುವುದನ್ನು ಕಲಿತಿತ್ತು. ರೈಲು ಬಂದ ಮೇಲೆ ದೂರದೂರದ ಖರೀದಿದಾರರು ಬರುತ್ತಿದ್ದರು. ನನ್ನ ಕಸುಬೇ ಅನುಮಾನದ ಕಸುಬು. ಮೂಟೆ ಕಟ್ಟಿದ ಅಂಡಿಗೆಯ ಮೇಲೆ ಮಲ್ಲಿಗೆಯಂಥ ಅರಳೆ ಇರುತ್ತದೆ, ಹೊಟ್ಟೆಯಲ್ಲಿ ನೀರು ಚಿಮುಕಿಸಿದ ಕಸ ಇರುತ್ತದೆ. ಮೊಳಕೈ ಮುಳುಗುವ ತನಕ ಕೈ ಹಾಕಿ, ನಡುವಿನದನ್ನು ಹಿರಿದು ನೋಡದೆ ನಾನು ಯಾವ ಮಾಲಿಗೂ ಹೂಂ ಅಂದವನಲ್ಲ. ಮನುಷ್ಯರ ವಿಷಯದಲ್ಲೂ ಹಾಗೆಯೇ. ನನ್ನ ಹೆಂಡತಿ ಬಸಮ್ಮ ಹೇಳುತ್ತಿದ್ದಳು: "ಇವರು ದೇವರು ಪ್ರತ್ಯಕ್ಷ ಆದ್ರೂ ಬೆನ್ನು ತಿರುಗಿಸಿ ನಿಲ್ಲು, ಹಿಂದಿನದು ನೋಡಬೇಕು ಅಂತಾರ."

ಇದರ ಜೊತೆಗೆ ನನಗೆ ಇನ್ನೊಂದು ಹೆಸರಿತ್ತು. ಹೊರಗಿನಿಂದ ದೊಡ್ಡ ಖರೀದಿದಾರ ಬಂದರೆ ಪೇಟೆಯವರು ನನ್ನನ್ನೇ ಕರೆಸುತ್ತಿದ್ದರು. ಆ ಮನುಷ್ಯನಿಗೆ ಬೆಳಗಿನಿಂದ ಸಂಜೆಯ ತನಕ ಬಳ್ಳಾರಿಯಲ್ಲಿ ಎಲ್ಲಿ, ಯಾವಾಗ, ಏನು ಉಣಿಸಬೇಕು ಅನ್ನುವುದನ್ನು ಹೊಂದಿಸುವುದು ನನ್ನ ಕೆಲಸ. ಇದೇನು ಮಹಾ ಅನ್ನಬೇಡಿ. ಕೋಟೆ ಗುಡ್ಡದ ಬುಡದ ಮಂಡಕ್ಕಿ ಒಗ್ಗರಣೆಯನ್ನು ಬೆಳಗಿನ ತಂಪಿನಲ್ಲಿ ತಿನ್ನಬೇಕು, ಬಿಸಿಲೇರಿದರೆ ಅದು ಬರೀ ಖಾರ. ಮೋಕದ ಹೆಂಗಸರು ಮೊಸರಿನ ಗಡಿಗೆ ಇಳಿಸುವ ಹೊತ್ತಿಗೆ ಅಲ್ಲಿರಬೇಕು, ತಡವಾದರೆ ಹುಳಿ. ಗಾಣದಿಂದ ಆಗತಾನೇ ಇಳಿದ ಕುಸುಬಿ ಎಣ್ಣೆಯ ಬದನೆಕಾಯಿಗೆ ಹಸಿವು ಹೆಚ್ಚಾಗುವ ಹಾಗೆ ಸ್ವಲ್ಪ ನಡೆಸಿ ಕರೆದೊಯ್ಯಬೇಕು. ಉಪ್ಪುನೀರಿನ ಬಾವಿ ಇರುವ ಓಣಿಯಲ್ಲಿ ಬೇಳೆ ಬೇಯುವುದಿಲ್ಲ, ಅಲ್ಲಿ ಬೇಳೆಯ ಮಾತೇ ಎತ್ತಬಾರದು. ಸಿಹಿಯನ್ನು ಕೊನೆಗೆ ಇಟ್ಟವನು ದಡ್ಡ, ನಡುವೆ ಇಡಬೇಕು. ಇದನ್ನೆಲ್ಲ ತಲೆಯಲ್ಲಿ ಜೋಡಿಸುವುದೆಂದರೆ ನನಗೆ ಒಳಗೊಳಗೇ ಸುಖ. ಉಣ್ಣುವಾಗ ಮನುಷ್ಯ ಬಣ್ಣ ಬಿಡುತ್ತಾನೆ. ಖಾರ ತಿಂದಾಗ ಅವನ ಸಿಟ್ಟು, ಬಡಿಸುವುದು ತಡವಾದಾಗ ಅವನ ಸೈರಣೆ, ತುಪ್ಪ ಕಂಡಾಗ ಅವನ ಆಸೆ, ಎಲ್ಲ ಹೊರಬೀಳುತ್ತವೆ. ಖರೀದಿದಾರನಿಗೆ ಉಣಿಸುತ್ತಲೇ ನಾನು ಅವನೊಳಗೆ ಮೊಳಕೈ ತನಕ ಕೈ ಹಾಕಿ ನೋಡುತ್ತಿದ್ದೆ.

ಈ ವಿದ್ಯೆಯನ್ನು ನಾನು ಬೀಗರ ಮೇಲೆ ಪ್ರಯೋಗ ಮಾಡುವ ದಿನ ಬಂದದ್ದು ನಮ್ಮ ಗೌರಿಯಿಂದ.

ಗೌರಿ ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ಇಬ್ಬರೂ ವಾಂತಿಭೇದಿಯಲ್ಲಿ ಹೋದಾಗ ತೊಟ್ಟಿಲಿನ ಕೂಸು. ನಮಗೆ ಮಕ್ಕಳಿರಲಿಲ್ಲ, ಅವಳೇ ಮಗಳಾದಳು. ಬುದ್ಧಿ ಚುರುಕು, ಮಾತು ಅದಕ್ಕಿಂತ ಚುರುಕು. ಅವಳಿಗೆ ಇದ್ದದ್ದು ಒಂದೇ ಕೊರತೆ. ಅವಳು ಎಡಚಿ. ರೊಟ್ಟಿ ತಟ್ಟುವುದು ಎಡಗೈ, ಬಡಿಸುವುದು ಎಡಗೈ, ಯಾರೂ ನೋಡದಿದ್ದರೆ ಉಣ್ಣುವುದೂ ಎಡಗೈ. ಬಸಮ್ಮ ಬೈದಳು, ಹೊಡೆದಳು, ಕೈಗೆ ಬೇವಿನ ಎಣ್ಣೆ ಹಚ್ಚಿದಳು. ಏನೂ ಆಗಲಿಲ್ಲ. ಒಮ್ಮೆ ಬಸಮ್ಮ ಬಯ್ಯುತ್ತಿದ್ದಾಗ ಗೌರಿ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡು ಕೇಳಿದ್ದಳು: "ಪೂಜಿ ಮಾಡಾಗ ಲಿಂಗಪ್ಪನ್ನ ಯಾವ ಕೈಯಾಗ ಹಿಡೀತೀವಿ? ಎಡಗೈಯಾಗ. ದೇವರು ಕುಂದರೋ ಕೈಯಾಗ ರೊಟ್ಟಿ ತಟ್ಟಬಾರದೇನು?" ಬಸಮ್ಮ ಉತ್ತರದ ಬದಲು ಇನ್ನೊಂದು ಏಟು ಕೊಟ್ಟಳು.

ಆದರೆ ಲೋಕಕ್ಕೆ ಈ ತರ್ಕ ಬೇಕಾಗಿರಲಿಲ್ಲ. ಹಿಂದಿನ ವರ್ಷ ಆದವಾನಿಯಿಂದ ಬಂದ ಗಂಡಿನ ಕಡೆಯವರು ನಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದರು. ಗೌರಿ ಮಜ್ಜಿಗೆ ಬಡಿಸಲು ಬಂದು ಮರೆತು ಎಡಗೈಯಲ್ಲಿ ಸೌಟು ಎತ್ತಿದಳು. ಹಿರಿಯರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಎದ್ದು ಹೋದರು. ಸುದ್ದಿ ಎರಡು ಊರು ಸುತ್ತಿತು. ಗೌರಿ ಮೂರು ದಿನ ಮೂಲೆಯಲ್ಲಿ ಕೂತಿದ್ದಳು. ಇನ್ನೊಂದು ಸಂಬಂಧ ಹೀಗೇ ಮುರಿದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ನನಗೂ ಬಸಮ್ಮನಿಗೂ ನಿದ್ದೆ ಇರಲಿಲ್ಲ.

ಅಂಥದ್ದರಲ್ಲಿ ಸಿರುಗುಪ್ಪದಿಂದ ಒಂದು ಸಂಬಂಧದ ಹೇಳಿಕೆ ಬಂತು. ಕಾಲುವೆ ನೀರಿನ ಗದ್ದೆ, ಮನೆ ತುಂಬ ಭತ್ತ, ಒಬ್ಬನೇ ಮಗ, ಹೆಸರು ಪಂಪಾಪತಿ. ತಂದೆ ಇಲ್ಲ, ತಾಯಿ ನೀಲಮ್ಮ ಗಟ್ಟಿಗಿತ್ತಿ ಎಂದು ಹೇಳಿದರು. ಕೇಳಿದ ಕೂಡಲೇ ನನಗೆ ಅನುಮಾನ. ಭತ್ತದ ಸೀಮೆಯವರು ಜೋಳದ ಸೀಮೆಗೆ ಹೆಣ್ಣು ಹುಡುಕಿಕೊಂಡು ಯಾಕೆ ಬರುತ್ತಾರೆ? ಅಷ್ಟು ಗದ್ದೆ ಇರುವವನಿಗೆ ಆಚೀಚೆ ಊರಿನಲ್ಲಿ ಹೆಣ್ಣು ಸಿಗಲಿಲ್ಲವೇ? ಹುಡುಗನಿಗೆ ಮೂರ್ಛೆ ರೋಗವೋ, ಇನ್ನೊಂದು ಸಂಸಾರವೋ, ಹೆಂಡದ ಚಟವೋ. ಏನೋ ಒಂದು ಇದೆ. ಅಂಡಿಗೆಯ ಹೊಟ್ಟೆಯಲ್ಲಿ ಕಸ ಇದೆ.

ಹಾಗೆಂದು ಬೇಡ ಅನ್ನುವ ಹಾಗೂ ಇರಲಿಲ್ಲ. ಕೂತು ಯೋಚಿಸಿದೆ. ನಮ್ಮ ಗುಟ್ಟು ಹೊರಬೀಳಬಾರದು, ಅವರ ಗುಟ್ಟು ಹೊರಗೆ ಬರಬೇಕು. ಎರಡಕ್ಕೂ ಒಂದೇ ಉಪಾಯ ಹೊಳೆಯಿತು. ಬೀಗರನ್ನು ಮನೆಯಲ್ಲಿ ಊಟಕ್ಕೆ ಕೂರಿಸುವುದೇ ಬೇಡ, ದಿನವಿಡೀ ಊರಲ್ಲಿ ಉಣಿಸುವುದು. ಮಧ್ಯಾಹ್ನ ಇಳಿದ ಮೇಲೆ ಒಂದು ಗಳಿಗೆ ಹೆಣ್ಣು ತೋರಿಸಿ, ಬಸಮ್ಮನ ಕೈಯಿಂದ ತಾಂಬೂಲ ಕೊಡಿಸಿ, ದಾರಿಗೆ ಬುತ್ತಿ ಕಟ್ಟಿ ಕಳಿಸುವುದು. ಆ ಬುತ್ತಿಯೂ ನಮ್ಮ ಒಲೆಯದಲ್ಲ. ಗಾಣದ ಈರಣ್ಣನ ಮನೆಯ ರೊಟ್ಟಿಗೆ ಊರಲ್ಲಿ ಹೆಸರು, ಗಂಟು ಕಟ್ಟಿ ನಮ್ಮ ಮನೆಗೆ ಕಳಿಸಲು ಅವರಿಗೇ ಹೇಳಿದ್ದೆ.

ಗೌರಿಗೆ ಇದು ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಕಾಕಾ, ಊರ ಮಂದಿ ಕೈಯ ರೊಟ್ಟಿ ಉಣಿಸಿ ಕಳಸ್ತಿ. ನಾಳೆ ಅಲ್ಲಿ ರೊಟ್ಟಿ ತಟ್ಟಾಕಿ ಈರಣ್ಣನ ಹೆಂಡ್ತೇನು?"

"ಲಗ್ನ ಆಗಲಿ ತಡಿ. ಆಮ್ಯಾಲ ಏನರ ಮಾಡ್ಕೋ."

"ಆಮ್ಯಾಲ ತಿಳಿದ್ರ ನನ್ನ ಬಡಿಯಾವರು ಅವರು. ನೀನು ಇಲ್ಲಿ ಇರ್ತಿ."

ಆ ಮಾತು ನನಗೆ ಚುಚ್ಚಿತು. ಆದರೂ ತೋರಿಸಿಕೊಳ್ಳಲಿಲ್ಲ. ಬೀಗರು ಬರುವ ದಿನ ನಸುಕಿನಲ್ಲಿ ಅವಳು ಸಿಟ್ಟಿನಿಂದ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಲೇ ಇದ್ದಳು. ಬುಟ್ಟಿ ತುಂಬಿತು. ಅದನ್ನು ಮೂಲೆಗೆ ಸರಿಸಿ ಬಟ್ಟೆ ಮುಚ್ಚಲು ಬಸಮ್ಮನಿಗೆ ಹೇಳಿ ನಾನು ಹೊರಟೆ.

ಅದು ಸೀತನಿ ಕಾಲ. ಬೆಳಗ್ಗೆ ಹಲ್ಲು ಕಟಕಟ ಅನ್ನುವ ಚಳಿ, ಮಧ್ಯಾಹ್ನ ಕೋಟೆಯ ಬಂಡೆ ಕಾದು ಹೆಂಚಾಗುವ ಬಿಸಿಲು. ಬೀಗರು ಹಿಂದಿನ ದಿನವೇ ಬಂದು ಛತ್ರದಲ್ಲಿ ಇಳಿದಿದ್ದರು. ಬಂದವರು ಇಬ್ಬರೇ, ಪಂಪಾಪತಿ ಮತ್ತು ಅವನ ಸೋದರಮಾವ ಸಿದ್ಧಲಿಂಗಪ್ಪ. ತಾಯಿ ಗಂಡನಿಲ್ಲದವಳು, ಶುಭಕಾರ್ಯಕ್ಕೆ ಎದುರು ಬರಬಾರದೆಂದು ಕುರುಗೋಡಿನಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದಳಂತೆ. ಸಿದ್ಧಲಿಂಗಪ್ಪ ತೆಳ್ಳಗಿನ ಮನುಷ್ಯ, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯ ತನಕ ಅಳೆದ. ನನ್ನ ಜಾತಿಯ ಅನುಮಾನಗಾರನೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹುಡುಗ ಎತ್ತರದ ಆಳು, ಒಳ್ಳೆ ಮುಖ, ಮಾತು ಕಡಿಮೆ. ಎಡ ಭುಜದ ಮೇಲಿಂದ ಒಂದು ಕಂದು ಶಾಲು ಇಳಿಬಿಟ್ಟಿದ್ದ. ಚಳಿಗೆ ಸರಿಯಾಗಿಯೇ ಇದೆ ಅಂದುಕೊಂಡೆ.

ಕೋಟೆಯ ಬುಡದಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಬಾಣಲೆ ಚುರ್ ಅನ್ನುತ್ತಿತ್ತು. ಮಾವ ಚೆನ್ನಾಗಿ ತಿಂದು ಕಣ್ಣೊರೆಸಿಕೊಂಡ. ಹುಡುಗ ಬಲಗೈಯಲ್ಲಿ ಮಂಡಕ್ಕಿ ಎತ್ತಿದರೆ ಅರ್ಧ ಬಾಯಿಗೆ, ಅರ್ಧ ಮಡಿಲಿಗೆ. ಬಾಯಿ ತಪ್ಪಿಸಿ ತಿನ್ನುವ ಗಂಡಸನ್ನು ನಾನು ಅವತ್ತೇ ನೋಡಿದ್ದು. ಬಜ್ಜಿ ಕೈಯಿಂದ ಜಾರಿ ಬಿತ್ತು. ಅವನ ಎಡಗೈ ಶಾಲಿನ ಒಳಗೆ ಒಮ್ಮೆ ಮಿಡುಕಿತು, ಹೊರಗೆ ಬರಲಿಲ್ಲ. ಮಾವ ಮೆಲ್ಲಗೆ ಕೆಮ್ಮಿದ.

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಆ ಕೈಯಲ್ಲಿ ಏನಿದೆ? ಬೆರಳಿಲ್ಲವೇ? ತೊನ್ನೇ? ಅದಕ್ಕಿಂತ ಕೆಟ್ಟ ರೋಗವೇ? ಮೊಸರಿನವರ ಸಾಲಿಗೆ ಕರೆದೊಯ್ದು ಗಟ್ಟಿ ಮೊಸರಿನ ಕುಡಿಕೆಯನ್ನು ಕೈಗೆ ಕೊಟ್ಟೆ. ಎರಡು ಕೈಯಲ್ಲಿ ಹಿಡಿಯುವಂಥದ್ದು. ಅವನು ಅದನ್ನು ಕಟ್ಟೆಯ ಮೇಲಿಟ್ಟು ಬಗ್ಗಿ ಕುಡಿದ. ಮೀಸೆಗೆಲ್ಲ ಮೊಸರು. ಒರೆಸಿದ್ದು ಮಾವ.

ನಾನು ಹೊಂದಿಸಿದ್ದ ದಿನವನ್ನು ಅಲ್ಲೇ ನಿಂತು ತಲೆಯಲ್ಲಿ ಬಿಚ್ಚಿ ಬೇರೆ ಹೆಣೆದೆ. ನಡುವೆ ಬರಬೇಕಾಗಿದ್ದ ಹೋಳಿಗೆಯನ್ನು ತೆಗೆದುಹಾಕಿದೆ, ಅದು ಒಂದೇ ಕೈಯ ತಿನಿಸು. ಇನ್ನು ಮುಂದೆ ಎರಡು ಕೈ ಬೇಕಾಗುವುದನ್ನೇ ತಿನ್ನಿಸುತ್ತೇನೆ, ಆ ಶಾಲು ಎಷ್ಟು ಹೊತ್ತು ನಿಲ್ಲುತ್ತದೋ ನೋಡುತ್ತೇನೆ ಎಂದು ಹಟ ಹಿಡಿದೆ.

ಈರಣ್ಣನ ಗಾಣ ಪೇಟೆಯ ಆಚೆ. ಎತ್ತು ಸುತ್ತುತ್ತಿತ್ತು, ಕುಸುಬಿ ಎಣ್ಣೆಯ ಹಸಿ ವಾಸನೆ ಓಣಿಗೇ ಹರಡಿತ್ತು. ಈರಣ್ಣ ಅರ್ಧ ತೆಲುಗಿನವನು. ನನ್ನನ್ನು ಕಂಡದ್ದೇ ನಕ್ಕ.

"ಏಮಯ್ಯಾ ಶಿವಪ್ಪಾ, ಇವತ್ತು ಯಾರನ್ನ ಮೇಯಸಾಕ ಹೊಡಕೊಂಡು ಬಂದಿ?"

"ಬಾಯಿ ಮುಚ್ಚು, ಬೀಗರು" ಎಂದು ಕಣ್ಣು ಕೆಕ್ಕರಿಸಿದೆ. ಪಕ್ಕಕ್ಕೆ ಕರೆದು, ಮೆತ್ತನೆಯ ರೊಟ್ಟಿ ಬೇಡ, ಕಟಕ ರೊಟ್ಟಿ ಹಾಕು ಅಂದೆ. ಒಣಗಿಸಿದ ಆ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದೇ ಮುರಿಯಬೇಕು. ಎಣ್ಣೆಗಾಯಿ ಬದನೆಕಾಯಿ, ಹಸಿ ಈರುಳ್ಳಿ, ಶೇಂಗಾ ಹಿಂಡಿ, ಬೆಣ್ಣೆ ಬಂದವು. ಸಿದ್ಧಲಿಂಗಪ್ಪ ತನ್ನ ರೊಟ್ಟಿಯನ್ನು ಮುರಿಯುವ ಮೊದಲು ಎತ್ತಿ ಬೆಳಕಿಗೆ ಹಿಡಿದು ನೋಡಿದ. ರೊಟ್ಟಿಯಲ್ಲಿ ಏನು ನೋಡುತ್ತಾನೆ ಇವನು? ಹುಡುಗ ರೊಟ್ಟಿಯನ್ನು ತಟ್ಟೆಯ ಅಂಚಿಗಿಟ್ಟು ಬಲ ಮುಷ್ಟಿಯಿಂದ ಗುದ್ದಿದ. ಅರ್ಧ ರೊಟ್ಟಿ ಹಾರಿ ಎತ್ತಿನ ಕಾಲಿನ ಹತ್ತಿರ ಬಿತ್ತು. ಎತ್ತು ತಿಂದಿತು.

ಅಷ್ಟು ಹೊತ್ತಿಗೆ ಬಿಸಿಲು ಸುರಿಯುತ್ತಿತ್ತು. ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿದ್ದೆವು. ಹುಡುಗನ ಹಣೆಯಿಂದ ಬೆವರು ಇಳಿದು ತಟ್ಟೆಗೆ ಬೀಳುತ್ತಿತ್ತು, ಶಾಲು ಮಾತ್ರ ಭುಜದ ಮೇಲೇ.

"ಸೆಕಿ ಆಗಾಕತ್ತೈತಿ, ಶಾಲು ತೆಗೀರಲ್ಲ" ಅಂದೆ.

"ಅವನ ಮೈ ತಂಪಿಂದು" ಅಂದ ಮಾವ.

ಈರಣ್ಣ ನನ್ನ ಕಿವಿಯಲ್ಲಿ, "ಈ ಹುಡುಗ ಒಳಗ ಏನೋ ಹಿಡಕೊಂಡಾನ್ರೋ" ಅಂದ. ನನ್ನ ಅನುಮಾನಕ್ಕೆ ಇನ್ನೊಬ್ಬರ ಸಾಕ್ಷಿಯೂ ಸಿಕ್ಕಿತು.

ಕೊನೆಯ ಬಾಣ ಸೀತನಿ. ಊರ ಹೊರಗೆ ಗುರುತಿನವರ ಹೊಲ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಬಿಸಿಬಿಸಿಯಾಗಿ ಕೈಗೆ ಕೊಡುತ್ತಾರೆ. ಅದನ್ನು ಎರಡು ಅಂಗೈ ನಡುವೆ ಹೊಸೆದು, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಳ್ಳಬೇಕು. ಒಂದು ಕೈಯವನಿಗೆ ಸೀತನಿ ಇಲ್ಲ. ತೆನೆಯನ್ನು ನಾನೇ ಆರಿಸಿ ಪಂಪಾಪತಿಯ ಮುಂದೆ ಹಿಡಿದೆ. ಅವನು ಆಸೆಯಿಂದ ನೋಡಿದ. ನನಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಆದರೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ಮಾವ ನಡುವೆ ಬಂದ. "ಅವಗ ಹರಕಿ ಐತ್ರಿ. ಕುರುಗೋಡು ಬಸವಣ್ಣಂದು. ಎಡಗೈಲೆ ಏನೂ ಮುಟ್ಟಾಂಗಿಲ್ಲ."

ನಾನು ಬಿಡಲಿಲ್ಲ. "ಹೌದಾ? ಹಂಗಾದ್ರ ಬೆಳಿಗ್ಗಿ ಲಿಂಗಪೂಜಿ ಹೆಂಗಾತ್ರಿ? ಲಿಂಗ ಹಿಡಿಯೋದು ಎಡಗೈಯಾಗ ಅಲ್ಲೇನು?"

ಸಿದ್ಧಲಿಂಗಪ್ಪನ ಮುಖ ಸುಟ್ಟ ತೆನೆಯಂತಾಯಿತು. "ಪೂಜಿಗೆ ಬಿಟ್ಟು" ಅಂದ.

"ಹರಕಿ ಯಾವಾಗ ತೀರತೈತಿ?"

"ನಾಳೆ. ಕುರುಗೋಡಿಗೆ ಹೋದ ಮ್ಯಾಲೆ."

"ಚಲೋ ಆತು. ನಾನೂ ಬರ್ತೀನಿ. ಬಸವಣ್ಣಗ ಒಂದು ಕಾಯಿ ಒಡಿಯೋದು ನಂದೂ ಬಾಕಿ ಐತಿ."

ಅವನು ಹೂಂ ಅನ್ನುತ್ತ ಒಂದು ತೆನೆ ಕೈಗೆತ್ತಿಕೊಂಡ. ಪಂಪಾಪತಿ ಕೆಂಡವನ್ನು ನೋಡುತ್ತ ಕೂತಿದ್ದ. ಮಾವ ಹೊಸೆದು ಕೊಟ್ಟ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ, ಅಷ್ಟೇ.

ಮನೆಗೆ ಬಂದೆವು. ಗೌರಿಯನ್ನು ಬಸಮ್ಮ ಚಾಪೆಯ ಮೇಲೆ ಕೂರಿಸಿದ್ದಳು, ಎಡಗೈಯನ್ನು ಸೆರಗಿನ ಒಳಗೆ ಇಡಿಸಿ. ಎದುರಿಗೆ ಅವನು, ಎಡಗೈ ಶಾಲಿನ ಒಳಗೆ. ಹೆಸರು ಕೇಳಿದರು, ಹೇಳಿದಳು. ಅಡುಗೆ ಬರುತ್ತದೆಯೇ ಅಂದರು, ಬರುತ್ತದೆ ಅಂದಳು. "ಹುಡುಗಿ ಕೈಲೆ ಎಲಿಅಡಿಕಿ ಕೊಡಸ್ರಿ" ಎಂದು ಸಿದ್ಧಲಿಂಗಪ್ಪ ಅಂದಾಗ ನಾನು ಬಸಮ್ಮನಿಗೆ ಕಣ್ಸನ್ನೆ ಮಾಡಿದೆ. ಬಸಮ್ಮ ತಟ್ಟೆ ಹಿಡಿದು ಮುಂದೆ ಬಂದಳು. "ನಮ್ಮ ಮನ್ಯಾಗ ಹಿರೇರು ಕೊಡೋ ಪದ್ಧತಿರಿ" ಅಂದಳು. ಇಲ್ಲದ ಪದ್ಧತಿ. ಮಾವನ ಕಣ್ಣು ಸಣ್ಣದಾಯಿತು.

ಹೊರಡುವ ಗಡಿಬಿಡಿ. ಅವರ ಚಕ್ಕಡಿಯಲ್ಲಿ ಬೇರೆ ಏನಾದರೂ ಅಡಗಿಸಿದ್ದಾರೆಯೇ ಎಂದು ನಾನು ಸುತ್ತ ಒಮ್ಮೆ ನೋಡಿದೆ. ಒಳಗಿನಿಂದ ಬುತ್ತಿಯ ಗಂಟು ಬಂತು. ಅದನ್ನು ಸಿದ್ಧಲಿಂಗಪ್ಪ ತನ್ನ ಕೈಯಲ್ಲೇ ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡ. ರಾತ್ರಿ ದಾರಿಯ ಹಳ್ಳಿಯೊಂದರಲ್ಲಿ ತಂಗಿದಾಗ ಹಸಿವಾಗಿ, ಬಿಚ್ಚೋಣ ಅಂದೆ. ಆಗ ಅವನು, "ಅಕ್ಕ ನೋಡದ ಬಿಚ್ಚಾಂಗಿಲ್ಲ. ಮನಿ ಬುತ್ತಿ ಹಂಗ ತರಬೇಕು ಅಂತ ಹೇಳ್ಯಾಳ" ಅಂದ. ಬುತ್ತಿಯನ್ನು ನೋಡಿ ಏನು ಮಾಡುತ್ತಾಳೆ ಆ ಹೆಂಗಸು? ಮಾಟ ಮಾಡಿಸುತ್ತಾಳೋ? ನಾನು ಮಂಡಕ್ಕಿ ತಿಂದು ಮಲಗಿದೆ, ಗಂಟಿನ ಕಡೆಗೇ ಮುಖ ಮಾಡಿ.

ಮರುದಿನ ಬೆಳಗ್ಗೆ ಕುರುಗೋಡು ಮುಟ್ಟಿದೆವು. ಗುಡಿಯಲ್ಲಿ ದೊಡ್ಡ ಬಸವಣ್ಣ ಎಂದಿನಂತೆ ಶಾಂತವಾಗಿ ಕೂತಿದ್ದ. ಕಾಯಿ ಒಡೆದೆ. ಹರಕೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಪಂಪಾಪತಿ ಸುಮ್ಮನೆ ಕೈ ಮುಗಿದ, ಶಾಲಿನ ಒಳಗಿಂದಲೇ.

ಅವರ ನೆಂಟರ ಮನೆಯ ಪಡಸಾಲೆಯಲ್ಲಿ ನೀಲಮ್ಮ ಕೂತಿದ್ದಳು. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ದೊಡ್ಡ ಕೈಗಳು. ನನಗೆ ನೀರು ಕೊಟ್ಟು, ಕ್ಷೇಮ ಕೇಳಿ, ನೇರ ಬುತ್ತಿಗೆ ಕೈ ಹಾಕಿದಳು. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು, ಅವಳ ತಮ್ಮ ಸಿದ್ಧಲಿಂಗಪ್ಪ ಗಾಣದಲ್ಲಿ ಹಿಡಿದ ಹಾಗೆಯೇ. ಬೆರಳನ್ನು ಮೇಲೆ ಆಡಿಸಿದಳು. ಇನ್ನೊಂದು ಎತ್ತಿದಳು. ಮತ್ತೊಂದು. ಆಮೇಲೆ ನನ್ನನ್ನು ನೋಡಿದಳು.

"ಈ ರೊಟ್ಟಿ ತಟ್ಟಿದಾಕಿ ಯಾರ್ರಿ?"

"ನಮ್ಮ ಮನ್ಯಾಗ..." ಅಂದೆ. ಈರಣ್ಣನ ಮನೆಯದು ಅನ್ನುವ ಹಾಗಿಲ್ಲವಲ್ಲ.

"ಹುಡುಗೀನ?"

"ಹೌದ್ರಿ."

"ರೊಟ್ಟಿ ತಟ್ಟಾಗ ಬೆರಳಿನ ಗುರುತು ಒಂದ ಕಡಿ ಸುತ್ತತಾವ. ನನ್ನವು, ನಮ್ಮವ್ವನವು, ನಿಮ್ಮ ಹೆಂಡ್ತಿವು, ಎಲ್ಲಾರವೂ ಒಂದ ಕಡಿ. ಇವು ತಿರುಗಾಮುರುಗಾ ಸುತ್ಯಾವ." ರೊಟ್ಟಿ ಕೆಳಗಿಟ್ಟಳು. "ನಿಮ್ಮ ಹುಡುಗಿ ಎಡಚಿ ಅದಾಳ."

ನಾನೂ ಒಂದು ರೊಟ್ಟಿ ಎತ್ತಿ ನೋಡಿದೆ. ಈರಣ್ಣನ ಮನೆಯ ರೊಟ್ಟಿ ಹೀಗೆ ಯಾಕಿದೆ ಎಂದು ಮೊದಲು ಹೊಳೆಯಲಿಲ್ಲ. ಆಮೇಲೆ ರೊಟ್ಟಿಯ ಅಂಚಿನ ಸೀಳು ಕಂಡೆ, ಗೌರಿಯ ರೊಟ್ಟಿಯ ಸೀಳು, ದಿನಾ ತಿಂದವನಿಗೆ ಗೊತ್ತು. ಬೆಳಗಿನ ಬುಟ್ಟಿ! ಗಂಟು ಬದಲಾಗಿತ್ತು. ಮೊದಲು ಗೌರಿಯ ಮೇಲೆ ಸಿಟ್ಟು ಬಂತು. ಮರುಗಳಿಗೆಯೇ ಆದವಾನಿಯವರು ಎದ್ದು ಹೋದ ದಿನ ಮೂಲೆಯಲ್ಲಿ ಕೂತಿದ್ದ ಅವಳ ಬೆನ್ನು ಕಣ್ಣಿಗೆ ಕಟ್ಟಿತು.

"ದಿನ ಪೂರ್ತಿ ಊರೆಲ್ಲಾ ತಿರುಗಿಸಿ ಉಣಸ್ಯಾರ, ಮನ್ಯಾಗ ಒಂದು ತುತ್ತು ಹಾಕಿಲ್ಲ" ಅಂದ ಸಿದ್ಧಲಿಂಗಪ್ಪ. "ನನಗ ಆವಾಗ ಅನುಮಾನ ಬಂದಿತ್ತು ಅಕ್ಕ."

"ಮುಚ್ಚಿಟ್ಟು ಕೊಡಾಕ ಬಂದೀರಲ್ಲ, ನಾಚಿಕಿ ಆಗಂಗಿಲ್ಲೇನ್ರಿ?" ನೀಲಮ್ಮನ ಧ್ವನಿ ಏರಿತು.

ನನಗೂ ರೇಗಿತು. "ಮುಚ್ಚಿಡೋ ಮಾತು ನೀವು ಆಡ್ತೀರಿ? ಮೊದಲು ಆ ಶಾಲು ತೆಗೀರಿ! ಲಿಂಗ ಹಿಡಿಯೋ ಕೈಗೆ ಸುಳ್ಳು ಹರಕಿ ಕಟ್ಟೀರಿ. ಹುಡುಗನ ಕೈಗೆ ಏನಾಗೈತಿ? ರೋಗೇನು? ಬೆರಳಿಲ್ಲೇನು? ನಾನು ನನ್ನ ಮಗಳನ್ನ ಕುರುಡಾಗಿ ಕೊಡಬೇಕೇನು?"

"ನನ್ನ ಮಗಗ ರೋಗ ಅಂತೀರಿ?"

"ಹಂಗಾದ್ರ ತೋರಸ್ರಿ!"

ಪಡಸಾಲೆಯ ತುಂಬ ಕೂಗು. ನೆಂಟರ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಸಿದ್ಧಲಿಂಗಪ್ಪ ಬುತ್ತಿಯ ಬಟ್ಟೆಯನ್ನು ಮತ್ತೆ ಗಂಟು ಹಾಕಲು ಶುರು ಮಾಡಿದ. ಹಿಂದಿರುಗಿಸುವುದಕ್ಕೆ. ಅದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಆ ಗಂಟನ್ನು ಹಿಡಿದುಕೊಂಡು ಮನೆಗೆ ಹೋಗಿ ಗೌರಿಯ ಮುಂದೆ ಹೇಗೆ ಇಡಲಿ?

ಆಗ ಪಂಪಾಪತಿ ಎದ್ದ. ಎರಡು ದಿನದಲ್ಲಿ ಹತ್ತು ಮಾತು ಆಡದ ಹುಡುಗ. ಶಾಲನ್ನು ತೆಗೆದು ಮಡಚಿ ಪಕ್ಕಕ್ಕಿಟ್ಟ. ಮಾವನ ಕೈಯಿಂದ ಗಂಟನ್ನು ಬಿಡಿಸಿ ಇಸಿದುಕೊಂಡು ನಮ್ಮೆಲ್ಲರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಎಡಗೈ ಹೊರಗೆ ಬಂತು. ಐದು ಬೆರಳು, ದುಂಡಗಿನ ಗಟ್ಟಿ ಕೈ, ಒಂದು ಕಲೆ ಕೂಡ ಇಲ್ಲ. ಆ ಕೈ ರೊಟ್ಟಿಯನ್ನು ಟಕ್ಕೆಂದು ಮುರಿಯಿತು, ಪಲ್ಯ ಸವರಿತು, ಬಾಯಿಗೆ ಇಟ್ಟಿತು. ಒಂದು ಚೂರು ಕೆಳಗೆ ಬೀಳಲಿಲ್ಲ.

"ಪಂಪಾ!" ಅಂದಳು ತಾಯಿ.

"ಅವ್ವಾ, ನಿನ್ನಿ ಬೆಳಗಿಂದ ಹಸದೀನಿ" ಅಂದ. ಮತ್ತೊಂದು ಮುರಿದ.

ಅವನು ಒಂದು ರೊಟ್ಟಿ ಮುಗಿಸಿದ, ಎರಡನೆಯದಕ್ಕೆ ಕೈ ಹಾಕಿದ. ಹಸಿದ ಮನುಷ್ಯ ತಿನ್ನುವುದನ್ನು ನೋಡುತ್ತ ನನ್ನ ಕಣ್ಣು ತುಂಬಿತು. ಇಡೀ ಬಳ್ಳಾರಿಯನ್ನು ಅವನ ಮುಂದೆ ಬಡಿಸಿ ನಾನೇ ಅವನನ್ನು ಉಪವಾಸ ಕೆಡವಿದ್ದೆ.

ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೊನೆಗೆ, "ನಮ್ಮ ಕಡೆ ಹೆಣ್ಣಿನವರು ಇವನ ಕೈ ನೋಡಿ ಎದ್ದು ಹೋದ್ರು. ಅದಕ್ಕ ದೂರ ಬಂದೆ" ಅಂದಳು. ಆಮೇಲೆ ಮಗನಿಗೆ, "ಗಂಡನೂ ಎಡಚ, ಹೆಂಡ್ತಿನೂ ಎಡಚಿ. ಮಂದಿ ಏನಂತಾರೋ? ಬಂದವರಿಗೆ ಬಡಸಾವರು ಯಾರು?"

"ಬಂದವರಿಗೆ ನೀನ ಬಡಸು" ಅಂದ, ಬಾಯಿ ತುಂಬಿಕೊಂಡೇ. "ಇದು ಚಲೋ ಐತಿ. ನಿನ್ನ ರೊಟ್ಟಿಗಿಂತ ತೆಳ್ಳಗ ಐತಿ."

ಬಾಗಿಲಲ್ಲಿದ್ದ ಹೆಂಗಸರು ಕಿಸಕ್ಕೆಂದರು. ನೀಲಮ್ಮನಿಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದಳು. ಹೋದವಳು ಬರುವಾಗ ಏನು ತರುತ್ತಾಳೋ, ಪೊರಕೆಯೋ ಎಂದು ನನಗೆ ಅನುಮಾನ. ಬೆಣ್ಣೆಯ ಬಟ್ಟಲು ತಂದಳು. ಗೌರಿಯ ರೊಟ್ಟಿಯೊಂದನ್ನು ಎಲೆಯ ಮೇಲಿಟ್ಟು ನನ್ನ ಮುಂದೆ ಸರಿಸಿದಳು.

"ಬೆಣ್ಣಿ ಹಾಕಲೇನ್ರಿ, ಬೀಗರ?"

ಲಗ್ನ ಆಯಿತು. ಉಗಾದಿಯೊಳಗೆ ಗೌರಿ ಸಿರುಗುಪ್ಪದ ಕಾಲುವೆ ದಂಡೆಯ ಮನೆ ಸೇರಿದಳು. ನೀಲಮ್ಮ ಬದುಕಿದ್ದಷ್ಟು ದಿನ ಬಂದವರಿಗೆಲ್ಲ ತಾನೇ ಬಡಿಸಿದಳು, ಸೊಸೆಯ ಕೈಯ ಬಗ್ಗೆ ಹೊರಗಿನವರು ಒಂದು ಮಾತಾಡಲು ಬಿಡಲಿಲ್ಲ. ತಾನು ಮಾತ್ರ ದಿನಾ ಬಯ್ಯುತ್ತಿದ್ದಳಂತೆ.

ಮೊನ್ನೆ ಸೀತನಿ ತಿಂದು ಬಂದವನು ಮನೆಯಲ್ಲಿ ನಿಲ್ಲಲಾಗದೆ ಸಿರುಗುಪ್ಪಕ್ಕೆ ಹೋದೆ. ಗೌರಿಯ ತಲೆ ಅರ್ಧ ಬೆಳ್ಳಗಾಗಿದೆ. ಒಲೆಯ ಮುಂದೆ ಕೂತು ನನಗಾಗಿ ರೊಟ್ಟಿ ತಟ್ಟುತ್ತಿದ್ದಳು, ತಿರುಗಾಮುರುಗಾ. ಇಷ್ಟು ವರ್ಷ ಒಳಗೇ ಕೊರೆಯುತ್ತಿದ್ದ ಒಂದು ಅನುಮಾನವನ್ನು ಅವತ್ತು ಕೇಳಿಯೇಬಿಟ್ಟೆ.

"ಗೌರಿ, ಅವತ್ತು ಬುತ್ತಿ ಬದಲಿ ಮಾಡಿದ್ಯಲ್ಲ, ಯಾವ ಧೈರ್ಯದ ಮ್ಯಾಲೆ ಮಾಡಿದಿ? ಲಗ್ನ ಮುರದಿದ್ರ?"

ಅವಳು ರೊಟ್ಟಿ ತಿರುವಿ ಹಾಕಿದಳು. "ನೀವು ಹೊರಡೋ ಗಡಿಬಿಡ್ಯಾಗ ಇವರು ಕಟ್ಟಿ ಮ್ಯಾಲೆ ನಿಂತು ನೀರು ಕೇಳಿದ್ರು, ಕಾಕಾ. ಬೆಳಿಗ್ಗಿಂದ ಖಾರ ತಿಂದಿದ್ರಲ್ಲ. ನಾನು ಮರೆತು ಎಡಗೈಲೆ ಚೊಂಬು ಕೊಟ್ಟೆ. ಇವರು ಮರೆತು ಎಡಗೈಲೆ ಇಸಗೊಂಡ್ರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ. ಆಮ್ಯಾಲ ಒಳಗ ಹೋಗಿ ಗಂಟು ಬದಲಿ ಮಾಡಿದೆ."

"ಎಲ್ಲಾರ ಎದುರಿಗೇನ?"

"ಎಲ್ಲಾರ ಎದುರಿಗೆ. ನೀನೂ ಅಲ್ಲೇ ಇದ್ದಿ."

"ನಾನು ಏನು ಮಾಡಾಕತ್ತಿದ್ದೆ?"

ಗೌರಿ ನಕ್ಕು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

"ಚಕ್ಕಡಿ ಕೆಳಗ ಬಗ್ಗಿ ನೋಡಾಕತ್ತಿದ್ದಿ" ಅಂದಳು.